ಆರನೆಯ ತೋಟಾ

೩ ಸೆಪ್ಟೆಂಬರ್ ೧೯೪೭, ಬಳ್ಳಾರಿ

ಬೆಳಿಗ್ಗೆ ಎರಡು ಜೋಡುನಳಿಗೆ ಬಂದೂಕು ರಿಪೇರಿಗೆ ಬಂದವು. ಒಂದರ ನಳಿಗೆಯೊಳಗೆ ಬೆಳ್ಳುಳ್ಳಿ ಸಿಪ್ಪೆ. ಮನೆಯವರು ಅಡುಗೆಮನೆ ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ಯುದ್ಧದಲ್ಲಿ ಐದು ವರ್ಷ ಮಿಲಿಟರಿ ವರ್ಕ್‌ಶಾಪಿನಲ್ಲಿ ಆಯುಧ ಬಿಚ್ಚಿ ಕಟ್ಟಿದವನು ನಾನು. ಈಗ ಬೆಳ್ಳುಳ್ಳಿ ಸಿಪ್ಪೆ ತೆಗೆಯುತ್ತೇನೆ. ಅಂಗಡಿ ಖಾಸಿಂಸಾಬರದು. ಕೈಗುಣ ದೊಡ್ಡದು, ಮಾತು ಕಡಿಮೆ.

ಮಧ್ಯಾಹ್ನ ಹಚ್ಚೊಳ್ಳಿಯಿಂದ ಎರ್ರಣ್ಣ ಭಾವ ಬಂದ. ನನ್ನ ಅಕ್ಕ ಗಂಗಕ್ಕ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಕಟ್ಟಿ ಕೊಟ್ಟಿದ್ದಳು. ಜೊತೆಗೆ ಭಾವನ ಧಣಿ, ತಿಪ್ಪೇರುದ್ರಪ್ಪ ಗೌಡರು. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಗಲಾಟೆ. ಅದೇ ಸಂದು ಅಂತ ದೋಚುವವರು ಹೊಳೆ ದಾಟಿ ಈಚೆಗೆ ಬರುತ್ತಿದ್ದಾರೆ. ಊರು ಕಾಯಲು ಗೌಡರು ಒಂದು ಪಿಸ್ತೂಲು ಕೊಂಡಿದ್ದಾರೆ. ಇಂಗ್ಲೆಂಡಿಗೆ ಹೊರಟ ಒಬ್ಬ ಬಿಳಿ ಸಾಹೇಬ ಮಾರಿದ್ದು. ಲೈಸೆನ್ಸಿನಲ್ಲಿ ಕಾವಲುಗಾರ ಅಂತ ಭಾವನ ಹೆಸರು ಬರೆಸಿದ್ದಾರೆ. ಹಿಡಿಯುವವನು ಅವನೇ.

ಆಟೋಮ್ಯಾಟಿಕ್. ಒಮ್ಮೆ ಒತ್ತಿದರೆ ಒಂದು ಗುಂಡು, ಮುಂದಿನ ತೋಟಾ ತಾನೇ ಮೇಲೆ ಬಂದು ಕೂರುತ್ತದೆ. ಪಿಸ್ತೂಲು ಒಳ್ಳೆಯದೇ. ಜೊತೆಗೆ ಕೊಟ್ಟ, ಹಿಡಿಕೆಯೊಳಗೆ ತೂರಿಸುವ ಐದು ಮ್ಯಾಗಜೀನು ಮಾತ್ರ ಐದು ಊರಿನವು. ಇಂಥ ಪಿಸ್ತೂಲು ಕೈಕೊಡುವುದು ಹೆಚ್ಚಾಗಿ ಮ್ಯಾಗಜೀನಿನಿಂದಲೇ. ಗೌಡರಿಗೆ ಹೇಳಿದೆ. ತೋಟಾ ಇಡುವ ತಗಡಿನ ಡಬ್ಬಿ ತಾನೇ ಅಂದರು. ಆರಿಸಿ ಕೊಡುತ್ತೇನೆ ಅಂದೆ.

೬ ಸೆಪ್ಟೆಂಬರ್

ಐದನ್ನೂ ಬಿಚ್ಚಿ ಒರೆಸಿದೆ. ಗುರುತಿಗೆ ನಂಬರ್ ಕೊರೆಯೋಣ ಅಂದರೆ ಗೌಡರು ಬೇಡ ಅಂದಿದ್ದಾರೆ, ಹೊಸ ಸಾಮಾನಿಗೆ ಗೀರು ಬೀಳಬಾರದಂತೆ. ಕಾಗದದ ಚೀಟಿ ಕಟ್ಟಿದೆ. ನನ್ನ ನೆನಪಿಗೆ ಇಲ್ಲಿ ಬರೆದಿಡುತ್ತೇನೆ.

ಒಂದು — ಬಾಯಿಯ ಅಂಚು ಸೊಟ್ಟ. ಎರಡು — ಚೊಕ್ಕ, ಪಿಸ್ತೂಲಿನ ಜೊತೆಗೇ ಹುಟ್ಟಿದ್ದು. ಮೂರು — ಸ್ಪ್ರಿಂಗ್ ಸತ್ತಿದೆ. ನಾಲ್ಕು — ನೋಡಲು ಚೊಕ್ಕ, ತಳದ ತಗಡಿನ ಮೇಲೆ ಉಗುರಿನಷ್ಟು ಬಾಗಿದ ಹಳೆಯ ಗೀರು. ಐದು — ಯಾರೋ ಕಮ್ಮಾರ ಬಡಿದು ಮಾಡಿದ್ದು, ಹಾಕಿದರೆ ಅಲ್ಲಾಡುತ್ತದೆ.

ಉಳಿದದ್ದು ಗುಂಡು ಹಾರಿಸಿ ನೋಡುವುದು. ಖಾಸಿಂಸಾಬರ ನೇಮ ಒಂದೇ — ಒಂದೊಂದು ಮ್ಯಾಗಜೀನನ್ನೂ ಮೂರು ಸಲ ಪೂರಾ ತುಂಬಿ ಪೂರಾ ಖಾಲಿ ಮಾಡಬೇಕು. ನಡುವೆ ಒಮ್ಮೆ ತಡವರಿಸಿದರೂ ಬಡಿದು ಚಪ್ಪಟೆ ಮಾಡಿ ಎಸೆಯಬೇಕು. ಮಿಲಿಟರಿಯಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

೧೧ ಸೆಪ್ಟೆಂಬರ್

ಕುರುಗೋಡು. ಗುಡ್ಡದ ಹಿಂದಿನ ಕಲ್ಲುಕ್ವಾರಿ. ಪೊಲೀಸರಿಗೆ ಗೌಡರೇ ಹೇಳಿಸಿದ್ದರು.

ಗೌಡರು ತಂದದ್ದು ಐವತ್ತೇ ತೋಟಾ. ನೂರಿಪ್ಪತ್ತು ಬೇಕಿತ್ತು. ಒಂದೊಂದಕ್ಕೆ ಎಂಟರಂತೆ ಒಂದೇ ಸುತ್ತು ಹಾಕಿದೆ. ಒಂದು, ಮೂರು, ಐದು — ಅಂದುಕೊಂಡಂತೆಯೇ ಮುಗ್ಗರಿಸಿದವು. ಎರಡನೆಯದು ಎಂಟಕ್ಕೆ ಎಂಟು. ನಾಲ್ಕನೆಯದು ಐದು ಸಲೀಸಾಗಿ ಹೋಗಿ ಆರನೆಯದಕ್ಕೆ ತಡವರಿಸಿತು. ತೋಟಾ ಓರೆಯಾಗಿ ನಿಂತಿತ್ತು. ತಳಕ್ಕೆ ಅಂಗೈಯಿಂದ ಹೊಡೆದೆ, ಕೂತಿತು. ತೋಟಾದ್ದೇ ತಪ್ಪಿರಬೇಕು, ಹಳೆಯ ಮಾಲು.

ಹತ್ತು ಉಳಿದಿದ್ದವು. ನಾಲ್ಕನೆಯದನ್ನು ಇನ್ನೊಮ್ಮೆ ನೋಡೋಣ ಅಂತ ಬಾಯಿಗೆ ಬಂದಿತ್ತು. ಗೌಡರು ತೋಟಾ ಪೆಟ್ಟಿಗೆ ಮುಚ್ಚುತ್ತಾ, ಎರಡು ಮ್ಯಾಗಜೀನಾದರೂ ಬೇಕೇ ಬೇಕು, ಒಂದನ್ನಿಟ್ಟುಕೊಂಡು ಹೇಗೆ ಕಾಯುವುದು ಅಂದರು. ಆಮೇಲೆ ಕ್ವಾರಿಯವರೆಲ್ಲರ ಮುಂದೆ, "ಮಿಲಿಟ್ರಿ ಕೈ ಅಂದ್ರ ಹಂಗ ಇರಬೇಕು ನೋಡ್ರಿ, ಬಟ್ಟಿನಾಗ ಒತ್ತಿದ್ರ ಸಾಕು, ಗೊತ್ತಾಕೈತಿ" ಅಂದರು. ಎಲ್ಲರೂ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ನಾಲ್ಕನೆಯದನ್ನು ಒತ್ತಿ ನೋಡಿದೆ. ಪಾಸ್ ಅಂದೆ.

ಭಾವ ಮ್ಯಾಗಜೀನನ್ನು ಅಂಗೈಯಲ್ಲಿ ಹೊರಳಿಸಿ ಕೇಳಿದ, "ಇದನ್ನ ನಂಬಬೌದೇನಲೇ ಜಡೆಪ್ಪ?"

ಕಣ್ಣು ಮುಚ್ಚಿ ನಂಬು ಅಂದೆ.

೧೨ ಸೆಪ್ಟೆಂಬರ್

ಎಷ್ಟು ಸುತ್ತು ಹಾಕಿದೆ ಅಂತ ಖಾಸಿಂಸಾಬರು ಕೇಳಿದರು. ಮೂರು ಅಂದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಅರ ಹಿಡಿದು ಕೂತರು.

ಕೆಟ್ಟ ಮೂರನ್ನು ಚಪ್ಪಟೆ ಮಾಡುತ್ತೇನೆ ಅಂದರೆ ಗೌಡರು ಒಪ್ಪಲಿಲ್ಲ. ತಮ್ಮ ಸಾಮಾನಂತೆ. ಚೀಟಿ ಸಮೇತ ಅಂಗಡಿಯ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಎರಡು, ನಾಲ್ಕು ಭಾವನ ಜೊತೆ ಊರಿಗೆ ಹೋದವು.

೨೦ ಅಕ್ಟೋಬರ್

ಆಯುಧಪೂಜೆಗೆ ಮೂರು ದಿನ. ಗೌಡರ ಆಳು ಬಂದಿದ್ದಾನೆ, ಆ ಮೂರನ್ನೂ ಕೊಡಬೇಕಂತೆ. ಆಯುಧವನ್ನು ಅರೆಬರೆ ಇಟ್ಟು ಪೂಜೆ ಮಾಡಬಾರದು, ಅದರದೆಲ್ಲ ಕೂಡಿಯೇ ಇರಬೇಕು ಅಂತ ಗೌಡರ ತಾಯಿ ವಿರೂಪಮ್ಮನವರ ಹಟ. ಹಬ್ಬ ಮುಗಿದ ಮೇಲೆ ವಾಪಸು ಕಳಿಸುತ್ತಾರಂತೆ. ಅಂಗಡಿಯಲ್ಲಿ ಜನ, ನನ್ನ ಕೈತುಂಬ ಎಣ್ಣೆ. ಕೊಟ್ಟು ಕಳಿಸಿದೆ.

೧೬ ನವೆಂಬರ್

ಭಾವ ಬಂದಿದ್ದ. ಪೂಜೆಗೆ ಐದನ್ನೂ ಉಜ್ಜಿ ತೊಳೆದರಂತೆ, ಚೀಟಿ ಕಿತ್ತರಂತೆ, ವಿಭೂತಿ ಹಚ್ಚಿ ಕುಂಕುಮ ಇಟ್ಟರಂತೆ. ಈಗ ಐದೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ ಅಂತ ನಗುತ್ತಾನೆ. ನನಗೆ ಉರಿದುಹೋಯಿತು. ನೀನು ಆರಿಸಿದ ಎರಡನ್ನು ಗೌಡರು ಬೇರೆ ತಟ್ಟೆಯಲ್ಲೇ ಇಟ್ಟಿದ್ದರು ಅಂದ. ಯಾರು ನೋಡಿದ್ದಾರೆ? ಐದನ್ನೂ ತಾ, ಮತ್ತೆ ಬೇರೆ ಮಾಡುತ್ತೇನೆ ಅಂದೆ. ಜೋಳದ ಸುಗ್ಗಿ ಆಗಲಿ ಅಂದ.

೧೨ ಮೇ ೧೯೪೮

ಮೂರು ದಿನದಿಂದ ಹಚ್ಚೊಳ್ಳಿಯಲ್ಲಿದ್ದೆ. ಮಣ್ಣು ಮುಗಿಸಿ ಬಂದೆ.

ಒಂಬತ್ತನೇ ತಾರೀಖು ನಸುಕಿನಲ್ಲಿ ಹೊಳೆ ದಾಟಿ ಎಂಟು ಹತ್ತು ಜನ ಬಂದರಂತೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಊರ ಹೆಂಗಸರೆಲ್ಲ ಗುಡಿಯೊಳಗೆ. ಭಾವ ಒಬ್ಬನೇ ಊರ ಅಗಸಿ ಬಾಗಿಲಲ್ಲಿ. ಗುಡಿಯೊಳಗಿನವರು ಸದ್ದು ಎಣಿಸಿದ್ದಾರೆ. ಐದು. ಆಮೇಲೆ ಸದ್ದಿಲ್ಲ. ಪಿಸ್ತೂಲನ್ನು ತೊಡೆಗೆ ಬಡಿಯುತ್ತಾ, ಎಳೆಯುತ್ತಾ ನಿಂತಿದ್ದನಂತೆ. ಅಷ್ಟರಲ್ಲಿ ಕೊಡಲಿ ಬಿದ್ದಿದೆ.

ಬಂದವರು ಓಡಿಹೋದರು. ಐದು ಗುಂಡಿಗೆ ಇಬ್ಬರು ಬಿದ್ದಿದ್ದರು. ಊರು ಉಳಿಯಿತು. ಅಕ್ಕನಿಗೆ ಅದೇನು ಸಮಾಧಾನ.

ಪಿಸ್ತೂಲು, ಐದೂ ಮ್ಯಾಗಜೀನು ಸಿರುಗುಪ್ಪ ಠಾಣೆಗೆ ಹೋದವು. ನನಗೆ ನೋಡಲೂ ಬಿಡಲಿಲ್ಲ.

೧೮ ಮೇ

ಕಣ್ಣು ಮುಚ್ಚಿದರೆ ಕುಂಕುಮ ಮೆತ್ತಿದ ತಗಡು. ತೊಳೆದು ಬೆರೆಸಿದರು. ಮೂರು ಕೆಟ್ಟವು, ಅದರಲ್ಲೊಂದು ಅವನ ಕೈಗೆ ಬಂತು. ಮುದುಕಿಯ ಹಟ, ಮಗನ ಜಿಪುಣತನ. ಠಾಣೆಯಲ್ಲಿ ಹಾಗೆಯೇ ಹೇಳಿಕೆ ಕೊಟ್ಟು ಬಂದೆ. ಗೌಡರು ಅಲ್ಲೇ ಇದ್ದರು. ಬೇರೆ ಇಟ್ಟಿದ್ದೆ, ನೀನು ಕೊಟ್ಟದ್ದನ್ನೇ ಹಾಕಿಸಿದ್ದೆ ಅಂತ ಎರಡು ಸಲ ಅಂದರು. ಯಾರೂ ನಂಬಲಿಲ್ಲ. ಅವರ ಮುಖ ಕಪ್ಪಿಟ್ಟಿತು. ನನಗೆ ಸಂತೋಷವಾಯಿತು. ಬರೆದಿಡುತ್ತೇನೆ, ಸಂತೋಷವೇ ಆಯಿತು.

೪ ಜೂನ್

ಗೌಡರು ಅಕ್ಕನ ಹೆಸರಿಗೆ ಎರಡು ಎಕರೆ ಗದ್ದೆ ಬರೆದುಕೊಡುತ್ತಾರಂತೆ. ಹಳೆ ಕಾಲುವೆ ಪಕ್ಕದ್ದು, ಎರಡು ಬೆಳೆ ಬೆಳೆಯುವ ಭೂಮಿ. ಅಕ್ಕ ನನ್ನನ್ನು ಕರೆಸಿದ್ದಳು.

ಬೇಡ ಅಂದೆ. ಗಂಡನನ್ನು ಕೊಂದವರ ಮಣ್ಣಿನಲ್ಲಿ ಹೇಗೆ ಉಣ್ಣುತ್ತೀ ಅಂದೆ. "ಅವ ನಿನ್ನ ಮಾತು ನಂಬಿ ಹೋದ. ನಾನೂ ನಂಬತೀನಿ, ತಮ್ಮಾ" ಅಂದಳು. ಮರುದಿನವೇ ಎರಡು ಗಂಟು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಗೌಡರು ಬಸ್ಸಿನ ತನಕ ಬಂದಿದ್ದರು. ಅಕ್ಕ ಅತ್ತ ತಿರುಗಲಿಲ್ಲ.

೧೯ ಫೆಬ್ರವರಿ ೧೯೪೯

ಈ ಪುಸ್ತಕ ಮುಟ್ಟಿ ಎಂಟು ತಿಂಗಳಾಯಿತು. ಪೊಲೀಸ್ ಕಾರ್ಯಾಚರಣೆ ಮುಗಿದು ಹೊಳೆಯಾಚೆಯೂ ನಮ್ಮದೇ ಸರ್ಕಾರ. ಎಲ್ಲರೂ ಲಾಡು ತಿಂದರು. ಅಕ್ಕ ಹತ್ತಿ ಮಿಲ್ಲಿಗೆ ಹೋಗುತ್ತಾಳೆ. ಸಂಜೆ ಬರುವಾಗ ರೆಪ್ಪೆಯ ಮೇಲೆಲ್ಲ ಹತ್ತಿಯ ಧೂಳು. ಕೆಮ್ಮು ಶುರುವಾಗಿದೆ. ಕೇಳಿದರೆ ಒಗ್ಗರಣೆ ಘಾಟು ಅನ್ನುತ್ತಾಳೆ.

೯ ಅಕ್ಟೋಬರ್ ೧೯೫೦

ಅಕ್ಕ ಕೆಮ್ಮಿದರೆ ರಕ್ತ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮಿಲ್ಲು ಬಿಡಿಸಿ, ಹಳ್ಳಿ ಗಾಳಿ, ಹಾಲು, ಮೊಟ್ಟೆ ಅಂದರು ಡಾಕ್ಟರು. ಹಳ್ಳಿ ಎಲ್ಲಿದೆ? ಬಿಟ್ಟು ಬಂದೆವಲ್ಲ.

೧೪ ಅಕ್ಟೋಬರ್

ಅಂಗಡಿಗೆ ಗೌಡರು ಬಂದರು. ಗುರುತೇ ಸಿಗಲಿಲ್ಲ, ಅಷ್ಟು ಇಳಿದಿದ್ದಾರೆ. ಅವರ ತಾಯಿ ಹೋದ ವರ್ಷ ತೀರಿಕೊಂಡರಂತೆ. ಕೇಸು ಮುಗಿದು ಕೋರ್ಟಿನಿಂದ ಸಾಮಾನು ವಾಪಸು ಬಂದಿದೆ. ಪಿಸ್ತೂಲು, ಐದು ಮ್ಯಾಗಜೀನು. ಒಂದಕ್ಕೆ ಮಾತ್ರ ಬೇರೆ ಅರಗಿನ ಮುದ್ರೆ, ಚೀಟಿ — ಘಟನೆಯ ವೇಳೆ ಪಿಸ್ತೂಲಿನೊಳಗಿದ್ದದ್ದು ಅಂತ. ಪಕ್ಕದಲ್ಲಿ ಒಂದು ಪೆಟ್ಟಿಗೆ ತೋಟಾ ಇಟ್ಟರು.

ನೋಡೇಬಿಡೋಣ, ಇಲ್ಲೇ ಒಡೆಯುತ್ತೇನೆ ಅಂತ ಅರಗಿಗೆ ಕೈಹಾಕಿದೆ. ಗೌಡರು ನನ್ನ ಕೈ ಹಿಡಿದರು.

"ನನ್ನ ಮುಂದ ಬ್ಯಾಡಪ್ಪ. ನೀನೊಬ್ಬನ ನೋಡು. ನಿನಗ ತಿಳಿದ್ರ ಸಾಕು."

ಆ ಗದ್ದೆ ಈಗಲೂ ಗಂಗಕ್ಕನದೇ, ಯಾರಿಗೂ ಸಾಗುವಳಿಗೆ ಕೊಟ್ಟಿಲ್ಲ ಅಂತ ಹೇಳಿ ಹೋದರು.

ಸಂಜೆ ಅಕ್ಕನಿಗೆ ಹೇಳಿದೆ. ಯಾವುದು ಅಂತ ಗೊತ್ತಾದರೆ ಗೌಡರನ್ನು ನಡುಬೀದಿಯಲ್ಲಿ ನಿಲ್ಲಿಸುತ್ತೇನೆ ಅಂತಲೂ ಹೇಳಿದೆ. ಅಕ್ಕ ಕೆಮ್ಮುತ್ತಿದ್ದಳು.

೧೫ ಅಕ್ಟೋಬರ್, ಬೆಳಿಗ್ಗೆ

ಅರಗು ಒಡೆದೆ. ಬಾಯಿಯ ಅಂಚು ನೆಟ್ಟಗಿದೆ. ಸ್ಪ್ರಿಂಗ್ ಬಿಗಿ. ಕಮ್ಮಾರನದಲ್ಲ. ತಳ ತಿರುಗಿಸಿದೆ. ಕುಂಕುಮ ಒಣಗಿ ಕೂತಿತ್ತು. ಉಗುರಿನಿಂದ ಕೆರೆದೆ.

ಉಗುರಿನಷ್ಟು ಬಾಗಿದ ಗೀರು.

ಈ ಪುಸ್ತಕದ ಹಿಂದಿನ ಪುಟ ತೆಗೆದು, ನಾಲ್ಕರ ಮುಂದೆ ಬರೆದದ್ದನ್ನು ಓದಿದೆ. ಮತ್ತೆ ತಗಡು ನೋಡಿದೆ. ಮತ್ತೆ ಓದಿದೆ.

ಗೌಡರು ಬೇರೆಯೇ ಇಟ್ಟಿದ್ದರು.

ಕುಂಕುಮ ಒಳಗೆ ಇಳಿದು ಸಿಕ್ಕಿಕೊಂಡಿರಬೇಕು. ಹಾಗೇ ಆಗಿರಬೇಕು. ತೊಳೆದು ನೋಡುತ್ತೇನೆ.

೧೭ ಅಕ್ಟೋಬರ್

ಕುರುಗೋಡು. ಅದೇ ಕ್ವಾರಿ. ಖಾಸಿಂಸಾಬರನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕನೆಯದನ್ನು ಪೂರಾ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ತೋಟಾ ತುಂಬಿದೆ.

ಐದು ಹೋದವು. ಆರನೆಯದು ಓರೆಯಾಗಿ ನಿಂತಿತು.

ಮತ್ತೆ ತುಂಬಿದೆ. ಐದು. ಆರನೆಯದು ಓರೆ.

ಮೂರನೆಯ ಸಲ ತುಂಬಲು ಹೋದಾಗ ಖಾಸಿಂಸಾಬರು ಮ್ಯಾಗಜೀನು ತಗೊಂಡು, ಬಿಸಿಲಿಗೆ ಹಿಡಿದು ಒಳಗೆ ನೋಡಿದರು. ಒಳಗೋಡೆಯಲ್ಲಿ ಸಣ್ಣ ತಗ್ಗು, ಮೂರು ತೋಟಾ ಉಳಿದಾಗ ಅಲ್ಲಿ ಹಿಡಿಯುತ್ತದೆ ಅಂದರು. ಹೆಬ್ಬೆರಳಿಗೆ ಸಿಗುವಂಥದ್ದಲ್ಲ. ಎರಡನೇ ಸುತ್ತಿಗೇ ಗೊತ್ತಾಗುವಂಥದ್ದು.

ಆವತ್ತು ಎಷ್ಟು ಸುತ್ತು ಹಾಕಿದ್ದೆ ಅಂತ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಸುತ್ತಿಗೆ ಕೈಗೆ ಕೊಟ್ಟು ಬಂಡೆಯ ಕಡೆ ತೋರಿಸಿದರು. ಬಡಿದೆ. ಚಪ್ಪಟೆಯಾಗಲು ಎರಡು ಏಟು ಸಾಕಾಯಿತು. ಮೂರು ವರ್ಷದ ಹಿಂದೆಯೂ ಎರಡೇ ಸಾಕಾಗುತ್ತಿತ್ತು.

ಭಾವ ತೊಡೆಗೆ ಬಡಿಯುತ್ತಿದ್ದನಂತೆ. ತಳಕ್ಕೆ ಅಂಗೈಯಿಂದ ಹೊಡೆದರೆ ಕೂರುತ್ತದೆ ಅಂತ ನನಗೆ ಗೊತ್ತಿತ್ತು. ಅದನ್ನಾದರೂ ಅವನಿಗೆ ಹೇಳಬಹುದಿತ್ತು.

ಅದೇ ದಿನ, ಸಂಜೆ

ಅಕ್ಕ ಮಿಲ್ಲಿನಿಂದ ಬಂದು ಕಾಲು ತೊಳೆದು ಕೂತಿದ್ದಾಳೆ. ಅವಳಿಗೆ ಓದು ಬಾರದು. ಈ ಪುಸ್ತಕ ಅವಳ ಎದುರಿಗೇ ಬಿದ್ದಿರುತ್ತದೆ, ಎಷ್ಟೋ ಸಲ ಇದರ ಮೇಲೆ ಚೊಂಬು ಇಟ್ಟಿದ್ದಾಳೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಖಾಸಿಂಸಾಬರು ಹೇಳುವವರಲ್ಲ. ಗೌಡರು ಕೇಳುವವರಲ್ಲ.

ಹೇಳಿದರೆ ಹಚ್ಚೊಳ್ಳಿಗೆ ಹೋಗುತ್ತಾಳೆ. ಗದ್ದೆ, ಹಾಲು, ಗಾಳಿ. ಬದುಕಿಯಾಳು. ನನ್ನ ಮುಖ ಮಾತ್ರ ನೋಡಲಾರಳು.

ಒಲೆ ಊದುತ್ತಾ ಕೇಳಿದಳು, "ಯಾವುದಿತ್ತು ಅಂತ ಗೊತ್ತಾತೇನು, ತಮ್ಮಾ?"

ಈ ಸಾಲು ಮುಗಿಸಿ ಹೇಳುತ್ತೇನೆ ಅಂದೆ. ಊದುಗೊಳವೆ ಕೆಳಗಿಟ್ಟು ನನ್ನ ಕಡೆಯೇ ನೋಡುತ್ತಿದ್ದಾಳೆ. ಅಕ್ಕಾ, ಅದು ನಾನು ಪಾಸ್ ಮಾಡಿದ—