ಸದ್ದಿಲ್ಲದ ಏಳನೇ ಗೂಡು

ತಿಲಕ್,

ಮೊದಲು ‘ಶ್ರೀ ತಿಲಕ್ ಅವರಿಗೆ, ನೀವು ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ. ನೀನು ಕ್ಷೇಮವಾಗಿರುವುದು ದಿನಾ ಫೋನಿನಲ್ಲಿ ಕಾಣುತ್ತಿದೆ, ನಂಬುವುದೇನು ಬಂತು. ಬಿಳಿಗೆರೆಯಲ್ಲಿ ನಾನು ಕ್ಷೇಮವಾಗಿಲ್ಲ. ಅದನ್ನು ತಿಳಿಸಲಿಕ್ಕೇ ಈ ಕಾಗದ. ‘ನೀವು’ ಅನ್ನಲು ಪ್ರಯತ್ನ ಮಾಡಿದೆ, ಕೈ ಒಪ್ಪಲಿಲ್ಲ. ಒಂದೇ ಕ್ಲಾಸಿನಲ್ಲಿ ಹಿಂದೆ ಮುಂದಿನ ಬೆಂಚಿನಲ್ಲಿ ಕೂತವರು ನಾವು.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ನನ್ನ ದನಿ ನಿನ್ನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನೋಡಿಯಾಯಿತು. ಕಾಗದಕ್ಕೆ ನೀನು ಕೋಳಿ ಕೂಗಿಸಲಾರೆ. ತಪ್ಪು ಬರೆದಿದ್ದರೆ ನಗು, ಎಂಟನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವಳ ಅಕ್ಷರ ಇದು. ಬರೆಯುವಾಗ ಮೂರು ಸಲ ಎದ್ದು ಗ್ಯಾಸ್ ಆರಿಸಿದ್ದೇನೆಯೇ ನೋಡಿ ಬಂದೆ. ಆರಿಸಿಯೇ ಇತ್ತು. ನನ್ನ ಜೀವ ಹೀಗೇ ಎಂದು ನಿನಗೆ ಗೊತ್ತು.

ಫೋನಿನಲ್ಲಿರುವ ನಿನ್ನ ‘ಕರಿಚುಕ್ಕಿ ಬಳಗ’ಕ್ಕೆ ನಾನಾಗಿ ಬಂದವಳಲ್ಲ. ನನ್ನ ಮೊಬೈಲಿನ ಗಾಜು ಒಡೆದಿತ್ತು, ರಿಪೇರಿಗೆ ತಿಪಟೂರಿನ ನಿನ್ನ ಅಂಗಡಿಗೆ ಬಂದೆ. ಆಕಾಶದ ಹಡಗಿನ ಐದು ಕರಿಚುಕ್ಕಿ ಸಿನಿಮಾಗಳನ್ನೂ ಕನ್ನಡದ ಮಾತಿನಲ್ಲಿ ನೋಡಿದೆ ಎಂದು ಹೇಳಿದಾಗ ನಿನ್ನ ಮುಖ ಅರಳಿತು. ‘ಹಂಗಾರೆ ಗ್ರೂಪಿಗೆ ಬಾರೇ, ನೂರಾ ನಲವತ್ತು ಜನ ಅವ್ರೆ, ಒಬ್ಬಳೂ ಹೆಂಗಸಿಲ್ಲ’ ಎಂದೆ. ಇಪ್ಪತ್ತು ವರ್ಷ ದಾರಿಯಲ್ಲಿ ಕಂಡರೂ ಕಾಣದಂತೆ ಹೋದವನು ಅಷ್ಟು ಸಲೀಸಾಗಿ ‘ಬಾರೇ’ ಅಂದೆಯಲ್ಲ, ನಾನೂ ಹೂಂ ಅಂದೆ. ಆ ಹೂಂಗೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಕೊಬ್ಬರಿ ಶೆಡ್ಡಿನಲ್ಲಿ ಚಿಪ್ಪು ಬಿಡಿಸುತ್ತಾ ನಿಮ್ಮ ಜಗಳ ಕೇಳುತ್ತಿದ್ದೆ. ಪಕ್ಕದಲ್ಲಿ ಕೂತು ಕೆಲಸ ಮಾಡುವ ಗಂಗಕ್ಕ, ‘ಅದೇನೇ ಅದು, ಪಂಚಾಯ್ತಿ ಎಲೆಕ್ಷನ್ನಾ’ ಎಂದು ಕೇಳುತ್ತಿದ್ದಳು. ಒಂದನೇ ಭಾಗವೇ ದೇವರು ಅನ್ನುವವರು ನೀನು ಮತ್ತು ನಿನ್ನ ಹಿಂಬಾಲಕರು. ಎರಡನೆಯದರ ಯುದ್ಧವೇ ಯುದ್ಧ ಅನ್ನುವವರು ಇನ್ನೊಂದಷ್ಟು ಜನ. ನಾಲ್ಕನೆಯದರಲ್ಲಿ ಸತ್ತ ಖಳನಾಯಕ ಎದ್ದು ಬಂದದ್ದಕ್ಕೆ ಒಬ್ಬ, ‘ಅವನು ಬಂದಿದ್ದು ಹೆಂಗಿತ್ತು ಅಂದ್ರೆ, ತನ್ನ ತಿಥಿ ಊಟಕ್ಕೆ ತಾನೇ ಬಂದು ಇನ್ನೊಂದು ಒಬ್ಬಟ್ಟು ಹಾಕ್ರಪ್ಪ ಅಂದಂಗಿತ್ತು’ ಎಂದ. ಅದಕ್ಕೆ ನಾನೂ ನಕ್ಕೆ. ಐದನೆಯದರಲ್ಲಿ ಬಣ್ಣ ಬಿಟ್ಟರೆ ಏನಿಲ್ಲ ಅನ್ನುವುದು ಎಲ್ಲರಿಗೂ ಒಪ್ಪಿಗೆ. ಎಲ್ಲರೂ ಒಟ್ಟಾಗಿ ಉಗಿಯುತ್ತಿದ್ದದ್ದು ಮೂರನೆಯದಕ್ಕೆ. ‘ಮೂರನೇದು ಹಾಕ್ಕಂಡ್ರೆ ಹಗಲೊತ್ತೇ ನಿದ್ದೆ ಬತ್ತದೆ ಕಣ್ಲಾ, ನಮ್ಮಜ್ಜಿಗೆ ಮಾತ್ರೆ ಬದಲು ಅದ್ನೇ ಕೊಡಬೇಕು.’

ನನಗೆ ಇಷ್ಟವಾದದ್ದು ಅದೊಂದೇ. ಯಾಕೆ ಎಂದು ಒಬ್ಬರೂ ನೆಟ್ಟಗೆ ಕೇಳಲಿಲ್ಲ. ಹಡಗು ಆಕಾಶದಲ್ಲಿ ಹನ್ನೊಂದು ತಿಂಗಳು ಹೋಗಬೇಕು. ನಲವತ್ತು ಜನ ಗೂಡುಗಳಲ್ಲಿ ಮಲಗಿದ್ದಾರೆ. ಎದ್ದಿರುವವಳು ಒಬ್ಬಳೇ, ಸ್ಪ್ಯಾನರ್ ಹಿಡಿದ ಹೆಂಗಸು. ದಿನಾ ಒಂದೊಂದು ಗೂಡಿಗೂ ಹೋಗಿ ಬೆರಳಿನಿಂದ ತಟ್ಟುತ್ತಾಳೆ, ಕಿವಿ ಇಟ್ಟು ಕೇಳುತ್ತಾಳೆ, ಮುಂದಕ್ಕೆ ಹೋಗುತ್ತಾಳೆ. ಏಳನೇ ಗೂಡಿನಲ್ಲಿ ಸದ್ದಿಲ್ಲ. ಮೂರು ಸಲ ತಟ್ಟುತ್ತಾಳೆ, ಇಲ್ಲ. ಅದರ ಮೇಲೆ ಒಂದು ಗಳಿಗೆ ಕೈ ಇಟ್ಟುಕೊಂಡಿದ್ದು, ಅದನ್ನು ಅಲ್ಲೇ ಬಿಟ್ಟು ಎಂಟನೆಯದಕ್ಕೆ ಹೋಗುತ್ತಾಳೆ.

ಇದೇ ದೊಡ್ಡ ತಪ್ಪು ಎಂದು ನೀನು ಪಟ್ಟು ಹಿಡಿದೆ. ಒಂದನೇ ಭಾಗದಲ್ಲಿ ಕಾನೂನು ಇದೆ, ಸದ್ದು ನಿಂತ ಗೂಡನ್ನು ಕ್ಯಾಪ್ಟನ್ ಹಡಗಿನಿಂದ ಆಚೆಗೆ ಎಸೆಯುತ್ತಾನೆ, ಮೂರನೆಯದನ್ನು ಮಾಡಿದವರಿಗೆ ಒಂದನೆಯದೇ ನೆನಪಿಲ್ಲ ಎಂದೆ. ನೂರು ಜನ ಸರಿ ಎಂದು ನಿನಗೆ ಹೆಬ್ಬೆಟ್ಟು ತೋರಿಸಿದರು. ಆವತ್ತು ನನಗೆ ತಡೆಯಲಾಗಲಿಲ್ಲ. ಶೆಡ್ಡಿನಿಂದ ಆಚೆ ಹೋಗಿ, ನಾಲ್ಕು ಸಲ ಅಳಿಸಿ ಐದನೇ ಸಲ ದನಿ ಕಳಿಸಿದೆ. ಏನು ಹೇಳಿದ್ದೆ ಎಂದು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ನಿನ್ನ ವಿಡಿಯೋದಲ್ಲಿ ಅದು ಪೂರ್ತಿ ಇಲ್ಲ.

‘ಅವಳು ಬಿಟ್ಟೋಗಿದ್ದು ತಪ್ಪಲ್ಲ ಕಣ್ರೀ. ಅಟ್ಟದ ಮೇಲೆ ಕಾಯಿ ಹಾಕ್ತೀವಿ. ಮೊದಮೊದಲು ಅಲ್ಲಾಡ್ಸಿದ್ರೆ ನೀರಿನ ಸದ್ದು ಬತ್ತದೆ. ಕೊನೆಗೆ ಒಳಗೆ ಕೊಬ್ಬರಿ ಬಿಟ್ಕಂಡು ಉಂಡೆಯಾಗಿ ಗುಡುಗುಡು ಅಂತದೆ. ಆ ಎರಡರ ಮಧ್ಯದಾಗೆ ಒಂದಷ್ಟು ತಿಂಗಳು ಏನೂ ಸದ್ದಿರಲ್ಲ. ನೀರು ಇಂಗಿರ್ತದೆ, ಕೊಬ್ಬರಿ ಚಿಪ್ಪು ಬಿಟ್ಟಿರಲ್ಲ. ಅದು ಸತ್ತಿದ್ದಲ್ಲ. ಆವಾಗ ಒಡೆದ್ರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ. ಅವಳಿಗೆ ಅದು ಗೊತ್ತು. ಅದ್ಕೇ ಬಿಟ್ಟೋದ್ಲು.’

ಇಷ್ಟೇ ನಾನು ಹೇಳಿದ್ದು. ಇದರಲ್ಲಿ ನಗುವಂಥದ್ದು ಏನಿತ್ತು?

ನೀನು ಅದನ್ನು ಕತ್ತರಿಸಿ, ನನ್ನ ಹೆಸರು ಹಾಕಿ, ಹಿಂದೆ ಕೋಳಿ ಕೂಗಿಸಿ, ‘ತೆಂಗಿನಕಾಯಿ ಸೈನ್ಸ್’ ಎಂದು ಹೆಸರಿಟ್ಟು ಊರಿಗೆಲ್ಲ ಬಿಟ್ಟೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದೆ, ಮಾತು ನುಂಗಿ ಅಭ್ಯಾಸ ಇದೆ. ಕೊನೆಯಲ್ಲಿ ಕ್ಯಾಮೆರಾದ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡು ಹೇಳಿದೆಯಲ್ಲ, ‘ಈಯಮ್ಮನ್ನ ಎಂಟನೇ ಕ್ಲಾಸಿಗೇ ಯಾಕೆ ಬಿಡಿಸಿದ್ರು ಅಂತ ಈಗ ಗೊತ್ತಾಯ್ತಲ್ಲ ಫ್ರೆಂಡ್ಸ್.’

ತಿಲಕ್, ಯಾಕೆ ಬಿಡಿಸಿದರು ಎಂದು ಈ ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ. ನಾನು ಮತ್ತು ನೀನು. ಹೇಳುವಾಗ ನಿನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ವಿಡಿಯೋವನ್ನು ಹನ್ನೆರಡು ಸಲ ನೋಡಿದ್ದೇನೆ, ಅದನ್ನೇ ನೋಡಲಿಕ್ಕೆ.

ನೀನು ಮರೆತಿದ್ದರೆ ನಾನು ನೆನಪಿಸುತ್ತೇನೆ. ನಿಮ್ಮ ಮನೆಗೆ ಬಣ್ಣದ ಟಿವಿ ಬಂದ ವರ್ಷ. ನಿಮ್ಮಣ್ಣ ಬಾಡಿಗೆಗೆ ತಂದ ಸಿಡಿಯಲ್ಲಿ ಮೊದಲನೇ ಕರಿಚುಕ್ಕಿ ನೋಡಿದೆವು. ಪೂರ್ತಿ ಇಂಗ್ಲಿಷು. ನಿನಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಬಾಯಿ ಅಲ್ಲಾಡಿದ ಹಾಗೆಲ್ಲ ನಾವೇ ಮಾತು ಹಾಕಿದೆವು. ಆ ಕ್ಯಾಪ್ಟನ್ನು ನಮ್ಮ ಕನ್ನಡದಲ್ಲಿ ಹಾಲ್ಕುರಿಕೆಗೆ ಹೋಗುವ ಬಸ್ಸು ಯಾವಾಗ ಎಂದು ಕೇಳುತ್ತಿದ್ದ. ಈಗ ನೀನು ಬಳಗದಲ್ಲಿ, ‘ಒಂದನೇ ಭಾಗದ ಆಳ ನನಗೆ ಹದಿಮೂರು ವರ್ಷಕ್ಕೇ ಅರ್ಥವಾಗಿತ್ತು’ ಎಂದು ಬರೆಯುತ್ತೀಯ. ಹಡಗಿನ ದೀಪ ಆರಿದಾಗ ಮಂಚದ ಕೆಳಗೆ ಹೋಗಿ ಅತ್ತವನು ಯಾರು? ಅದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆಮೇಲಿನ ಶನಿವಾರ, ಸ್ಕೂಲು ಬಿಟ್ಟ ಮೇಲೆ, ನಮ್ಮ ಅಟ್ಟವೇ ಹಡಗಾಯಿತು. ಕಾಯಿಗಳೇ ಮಲಗಿದ ಜನ. ಹಾಕಿ ಎಂಟು ತಿಂಗಳಾಗಿದ್ದ ಕಾಯಿ. ನಾನು ಒಂದೊಂದನ್ನೂ ಎತ್ತಿ ಅಲ್ಲಾಡಿಸಿ ಕೊಡುತ್ತಿದ್ದೆ. ಸದ್ದಿಲ್ಲದವನ್ನು ನೀನು ಬೇರೆ ಇಟ್ಟೆ. ‘ಇವು ಸತ್ತವೆ ಕಣೇ, ಕ್ಯಾಪ್ಟನ್ ಎಸೀಬೇಕು’ ಎಂದೆ. ‘ಇಲ್ಲ ಕಣೋ, ಬಿಡು, ಅಪ್ಪ ಬೈತಾರೆ’ ಎಂದು ನಾನಂದೆ. ‘ಕೊಳೆತಿರ್ತದೆ, ಬೇಕಾರೆ ನೋಡು’ ಎಂದು ನೀನು ಮಚ್ಚು ತಗೊಂಡು ಹನ್ನೊಂದು ಕಾಯಿ ಕಡಿದೆ. ಒಂದಾದರೂ ಕೊಳೆತಿತ್ತೇ? ಬೆಳ್ಳಗೆ, ಮೆತ್ತಗೆ, ಚಿಪ್ಪಿಗೆ ಅಂಟಿಕೊಂಡು ಇತ್ತು. ಒಂದು ಒಡೆದಾಗಲೇ ನಿನಗೆ ಗೊತ್ತಾಗಿತ್ತು. ಉಳಿದ ಹತ್ತನ್ನು ನೀನು ಸೋಲು ಒಪ್ಪಲಾರದೆ ಒಡೆದೆ.

ಅಪ್ಪನ ಕೆಮ್ಮು ಕೇಳಿದ ಕೂಡಲೇ ನೀನು ಹಿಂದಿನ ಕಿಂಡಿಯಿಂದ ಹುಲ್ಲಿನ ಬಣವೆ ಮೇಲೆ ಹಾರಿ ಓಡಿದೆ. ಏಣಿಯ ಬುಡದಲ್ಲಿ ನಿನ್ನ ಚಪ್ಪಲಿ ಉಳಿಯಿತು. ಅಪ್ಪ ಕಾಯಿ ನೋಡಿ ಬೈಯಲಿಲ್ಲ. ಚಪ್ಪಲಿಯನ್ನೇ ನೋಡುತ್ತಾ ನಿಂತರು. ‘ಯಾರದು’ ಎಂದು ಒಂದೇ ಸಲ ಕೇಳಿದರು. ನಾನು ಹೇಳಲಿಲ್ಲ. ಹೇಳಿದರೆ ನಿನ್ನನ್ನು ಹೊಡೆಯುತ್ತಾರೆ ಎಂಬ ಭಯ. ‘ಓದಿದ್ದು ಸಾಕು, ಸೋಮವಾರದಿಂದ ಮನೇಲಿರು’ ಎಂದರು. ಹುಡುಗನ ಚಪ್ಪಲಿ ಅವರ ಕಣ್ಣಿಗೆ ಬೇರೆ ಏನೋ ಕತೆ ಹೇಳಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಆ ಕತೆಯೇ ನಿಜವಾಯಿತು. ಸೋಮವಾರ ನೀನು ಸೈಕಲ್ಲಿನಲ್ಲಿ ನಮ್ಮ ಮನೆ ಮುಂದೆ ಹೋದೆ. ಕಾಲಲ್ಲಿ ಹೊಸ ಚಪ್ಪಲಿ ಇತ್ತು. ನೀನು ಬಂದು ‘ಮಾವ, ಆಟ ಆಡ್ತಿದ್ವಿ, ಕಾಯಿ ಒಡೆದಿದ್ದು ನಾನು’ ಎಂದಿದ್ದರೆ ಎರಡು ಏಟು ಬೀಳುತ್ತಿತ್ತು, ನಾನು ಮಂಗಳವಾರ ಸ್ಕೂಲಿನಲ್ಲಿ ಇರುತ್ತಿದ್ದೆ. ಅಪ್ಪ ಹೋಗಿ ಆರು ವರ್ಷವಾಯಿತು. ಅವರು ಹೋಗುವಾಗಲೂ ಆ ಚಪ್ಪಲಿಯ ಕತೆಯನ್ನು ಹಾಗೇ ತಗೊಂಡು ಹೋದರು.

ಇದನ್ನೆಲ್ಲ ಈಗ ಕೆದಕುತ್ತಿರುವುದು ನನ್ನ ಓದಿಗಲ್ಲ. ಅದು ಮುಗಿದ ಮಾತು. ನನ್ನ ಮಗಳು ಕೃತಿಕಾ ಈಗ ಏಳನೇ ಕ್ಲಾಸು. ತಿಪಟೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಿನ್ನ ವಿಡಿಯೋ ಅವಳ ಕ್ಲಾಸಿನ ಮಕ್ಕಳೆಲ್ಲ ನೋಡಿದ್ದಾರೆ. ಬೆಂಚಿನಲ್ಲಿ ಕೂತಾಗ ಹಿಂದಿನಿಂದ ಭುಜ ಹಿಡಿದು ಅಲ್ಲಾಡಿಸಿ, ತಲೆಗೆ ಕಿವಿ ಇಟ್ಟು, ‘ಸದ್ದೇ ಇಲ್ಲ ಕಣ್ಲಾ, ಇದು ಇನ್ನೂ ಕೊಬ್ಬರಿ ಆಗಿಲ್ಲ’ ಅನ್ನುತ್ತಾರಂತೆ. ‘ನಿನ್ನನ್ನೂ ಎಂಟಕ್ಕೆ ಬಿಡಿಸ್ತಾರಂತಾ’ ಎಂದು ಒಬ್ಬಳು ಕೇಳಿದಳಂತೆ. ಕೃತಿಕಾ ನಾಲ್ಕು ದಿನದಿಂದ ಹೋಗಿಲ್ಲ. ಹೊಟ್ಟೆನೋವು ಎಂದಳು, ಓಮದ ಕಷಾಯ ಕೊಟ್ಟೆ. ನಿನ್ನೆ ಅವಳ ಸ್ಕೂಲ್ ಬ್ಯಾಗು ಅಟ್ಟದ ಮೇಲೆ ಕಾಯಿಗಳ ಹಿಂದೆ ಸಿಕ್ಕಿತು. ಕೇಳಿದರೆ ಒಂದೇ ಮಾತು: ‘ನೀನ್ಯಾಕಮ್ಮ ಮಾತಾಡ್ದೆ? ಸುಮ್ನೆ ಇರಕ್ಕಾಗ್ತಿರಲಿಲ್ವಾ?’

ಆ ಬ್ಯಾಗು ಹಿಡಿದು ಅಟ್ಟದ ಮೇಲೇ ಕೂತುಬಿಟ್ಟೆ. ಅಪ್ಪನ ಮನೆಯಲ್ಲೇ ಈಗಲೂ ನಾವಿರುವುದು. ಅದೇ ಅಟ್ಟ, ಅದೇ ಕಿಂಡಿ. ನನ್ನನ್ನು ಬಿಡಿಸಿದ್ದು ನಿನ್ನ ಮೌನ. ನನ್ನ ಮಗಳನ್ನು ಬಿಡಿಸುತ್ತಿರುವುದು ನಿನ್ನ ಮಾತು. ಎರಡಕ್ಕೂ ನಡುವೆ ನೀನು ಒಂದು ದಿನವಾದರೂ ಮನುಷ್ಯನಾಗಿದ್ದೆಯೋ ಇಲ್ಲವೋ, ನನಗೆ ಕಾಣಲಿಲ್ಲ.

ಇನ್ನು ಕೇಳು. ಈ ಭಾನುವಾರ ನಿಮ್ಮ ಬಳಗ ತಟ್ಟೆ ಇಡ್ಲಿ ತಿನ್ನುತ್ತಾ ಇನ್ನು ಬರಲಿರುವ ಆರನೇ ಭಾಗದ ಬಗ್ಗೆ ಮಾತಾಡಲು ಕೂಡುತ್ತದಲ್ಲ, ಅಷ್ಟರೊಳಗೆ ಆ ವಿಡಿಯೋ ತೆಗೆ. ಅದೇ ಕ್ಯಾಮೆರಾದ ಮುಂದೆ, ಅದೇ ಕನ್ನಡಕ ಹಾಕಿಕೊಂಡು, ಎಂಟನೇ ಕ್ಲಾಸಿಗೆ ನನ್ನನ್ನು ಯಾಕೆ ಬಿಡಿಸಿದರು ಎಂದು ನಿಜವಾಗಿ ಹೇಳು. ಹನ್ನೊಂದು ಕಾಯಿ ಎಂದು ಲೆಕ್ಕ ಸರಿಯಾಗಿ ಹೇಳು. ಸೋಮವಾರ ನನ್ನ ಮಗಳು ಬಸ್ಸು ಹತ್ತಬೇಕು, ನನಗೆ ಬೇಕಾದದ್ದು ಇಷ್ಟೇ. ಮೂರನೇ ಭಾಗ ಚೆನ್ನಾಗಿದೆ ಎಂದು ನೀನು ಒಪ್ಪುವುದು ಬೇಡ. ಆ ಏಳನೇ ಗೂಡಿನವನು ನಿಜವಾಗಿಯೂ ಸತ್ತಿರಬಹುದು. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವಳು ಕಡಿಯಲಿಲ್ಲ, ಎಸೆಯಲಿಲ್ಲ, ಅದಕ್ಕೇ ಅವಳು ನನಗೆ ಬೇಕು. ನಿನ್ನ ಕ್ಯಾಪ್ಟನ್ನು ನೀನೇ ಇಟ್ಟುಕೋ.

ನೀನು ಹೇಳದಿದ್ದರೆ ನಾನು ಬರುತ್ತೇನೆ. ಕೃತಿಕಾಳನ್ನು ಕರೆದುಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂರುತ್ತೇನೆ. ಚಪ್ಪಲಿಯ ಕತೆ ನಮ್ಮ ಯಜಮಾನರಿಗೂ ಗೊತ್ತಿಲ್ಲ, ಗೊತ್ತಾದರೆ ಏನೆಂದುಕೊಳ್ಳುತ್ತಾರೋ. ಅವರಿಗೆ ಶನಿವಾರವೇ ನಾನೇ ಹೇಳಿಬಿಡುತ್ತೇನೆ. ನಿಮ್ಮ ಮುಂದೆ ಮಾತಾಡುವಾಗ ದನಿ ಒಡೆಯುತ್ತದೆ. ಒಡೆಯಲಿ. ಬೇಕಾದರೆ ಅದನ್ನೂ ರೆಕಾರ್ಡ್ ಮಾಡಿಕೋ, ಆದರೆ ಈ ಸಲ ಪೂರ್ತಿ ಹಾಕು.

ಈ ಕಾಗದವನ್ನು ಗಂಗಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಓದು ಬರುವುದಿಲ್ಲ, ಅದಕ್ಕೇ ಅವಳು. ಚೀಲದಲ್ಲಿ ಒಂದು ಕಾಯಿಯೂ ಇದೆ. ನಮ್ಮ ಅಟ್ಟದ್ದು, ಎಂಟು ತಿಂಗಳಿನದು. ಸ್ನೇಹಕ್ಕೆ ಕೊಡುತ್ತಿದ್ದೇನೆ ಎಂದುಕೊಳ್ಳಬೇಡ. ಅಲ್ಲಾಡಿಸಿ ನೋಡು, ಏನೂ ಕೇಳುವುದಿಲ್ಲ. ನಿನ್ನ ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಕಡೆ ಇಟ್ಟುಕೋ, ಕೈಯಲ್ಲಿ ಮಚ್ಚು ಹಿಡಿಯಬೇಡ. ಅದು ಕೊಬ್ಬರಿಯಾಗಿ ಗುಡುಗುಡು ಅನ್ನುವವರೆಗೆ, ಇನ್ನು ಮೂರು ತಿಂಗಳು, ನಿನಗೆ ತಡೆಯಲು ಬರುತ್ತದೆಯೇ ಎಂದು ಈ ಸಲವಾದರೂ ಗೊತ್ತಾಗಲಿ.

ನಿನಗೆ ಶುಭ ಕೋರಲು ಮನಸ್ಸಾಗುತ್ತಿಲ್ಲ. ಸುಳ್ಳು ಬರೆಯಲಾರೆ. ಅಂಗಡಿಯ ಗಾಜಿನ ಹಿಂದೆ ಫೋಟೋದಲ್ಲಿ ಎರಡು ಜುಟ್ಟು ಹಾಕಿಕೊಂಡ ನಿನ್ನ ಮಗಳನ್ನು ನೋಡಿದೆ. ಆಶೀರ್ವಾದ ಅವಳಿಗೆ ಮಾತ್ರ: ಆ ಮಗು ಸ್ಕೂಲಿಗೆ ಹೋಗುವ ಒಂದು ದಿನವೂ ಅವಳ ತಲೆ ಅಲ್ಲಾಡಿಸಿ ಯಾರೂ ಕಿವಿ ಇಟ್ಟು ಕೇಳದಿರಲಿ.

ನೀನು ಬಾಯಿ ಬಿಡದಿದ್ದರೆ ಭಾನುವಾರ ತಾನೇ ಬಾಯಿ ಬಿಡುವ,

ಬಿಳಿಗೆರೆ ಕೆಂಚಪ್ಪನ ಮಗಳು, ಕೃತಿಕಾಳ ತಾಯಿ
ಸುನಂದಾ