ನಿನಗಿಂತ ಮೊದಲಿನವನು

ಪುಟ್ಟಿ,

ಈ ಕಾಗದವನ್ನು ನೀನೊಬ್ಬಳೇ ಇರುವಾಗ ಓದು.

ಭಾನುವಾರ ಅಷ್ಟು ಚಳಿಯಲ್ಲೂ ನಿನ್ನ ಬಚ್ಚಲುಮನೆಯ ಕಿಟಕಿ ತೆರೆದಿತ್ತು. ಸೋಪಿನ ಪರಿಮಳದೊಳಗೆ ಅಡಗಿದ್ದ ಸಿಗರೇಟಿನ ವಾಸನೆ ನನಗೆ ಹೊಸದಲ್ಲ. ಬಸುರಿಯಾಗಿ ಸೇದುತ್ತೀಯಾ ಎಂದು ಕೇಳಿದ್ದಕ್ಕೆ ನೀನು ಟವೆಲ್ ಮಡಿಸುತ್ತಲೇ ಅಂದೆ: "ನಾನು ಹೊಟ್ಟೇಲಿದ್ದಾಗ ನೀನೂ ಸೇದ್ತಿದ್ದೆಯಂತೆ, ಚಿಕ್ಕಮ್ಮ ಹೇಳಿದ್ಲು. ನನಗೇನಾಯ್ತು?" ನಾನು ಎದ್ದು ಬಸ್ಸು ಹಿಡಿದೆ. ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಕಂಡದ್ದು ನಿಜ. ಆದರೆ ಅವಳು ಕಂಡ ಆ ಹೊಟ್ಟೆಯಲ್ಲಿದ್ದದ್ದು ನೀನಲ್ಲ. ಅವಳಿಗಾಗ ಏಳು ವರ್ಷ, ಅವಳಿಗೆ ಯಾರೂ ಏನೂ ಹೇಳಲಿಲ್ಲ. ನಿನಗಿಂತ ಮೊದಲು ಒಬ್ಬನಿದ್ದ, ಪುಟ್ಟಿ.

ಆಗ ಬಾಟಲಿ ಕಾರ್ಖಾನೆಯಲ್ಲಿ ದೀಪದ ಮುಂದೆ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುವುದು ನನ್ನ ಕೆಲಸ. ದಿನವಿಡೀ ನಿಂತೇ ಇರಬೇಕು. ಸೇದುವವರನ್ನು ಮಾತ್ರ ಹತ್ತು ನಿಮಿಷ ಹೊರಗೆ ಬಿಡುತ್ತಿದ್ದರು. ಕೂರುವ ಆಸೆಗೆ ಕಲಿತೆ. ಆಮೇಲೆ ಬಿಡಲಾಗಲಿಲ್ಲ. ಎಂಟನೇ ತಿಂಗಳಲ್ಲಿ ಒಂದು ದಿನ ಅವನು ಮಿಸುಕಲಿಲ್ಲ. ನಿದ್ದೆ ಮಾಡುತ್ತಿರಬೇಕು ಅಂದುಕೊಂಡು ಪಾಳಿ ಮುಗಿಸಿದೆ. ಮರುದಿನ ಡಾಕ್ಟರು ಬಹಳ ಹೊತ್ತು ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟುಕೊಂಡೇ ಇದ್ದರು. ಸಿಗರೇಟಿನ ವಿಷಯ ನಾನೇ ಬಾಯಿಬಿಟ್ಟು ಕೇಳಿದೆ. "ಅದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಅಲ್ಲ ಅಂತಲೂ ಹೇಳೋಕಾಗಲ್ಲ" ಅಂದರು. ಆ ಎರಡು ಮಾತಿನ ನಡುವೆಯೇ ನನ್ನ ಇಷ್ಟು ವರ್ಷ ಕಳೆದಿದೆ.

ನೀನು ಹೊಟ್ಟೆಗೆ ಬಂದಾಗ ಹೆದರಿಕೆಗೇ ಇನ್ನೂ ಹೆಚ್ಚು ಸೇದಿದೆ. ಕಾರ್ಖಾನೆಗೆ ಬರುತ್ತಿದ್ದ ದಾದಿಯೊಬ್ಬಳು ಹೊಗೆಗೆ ಹಳದಿಯಾದ ನನ್ನ ಬೆರಳುಗಳನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ನಿನಗೆ ಬೇಕಿರೋದು ಹೊಗೆನಾ, ಬಿಡುವಾ?" ಎಂದು ಕೇಳಿದಳು. ಅಲ್ಲೇ ಅತ್ತುಬಿಟ್ಟೆ. ಅವಳು ಮೇಸ್ತ್ರಿಯೊಂದಿಗೆ ಜಗಳವಾಡಿ ನನಗೆ ಸೇದದೆಯೇ ಹತ್ತು ನಿಮಿಷ ಬಿಡುವು ಕೊಡಿಸಿದಳು. ಆಸೆ ಕೆರಳಿದಾಗಲೆಲ್ಲ ಅವಳ ಕೋಣೆಗೆ ಹೋಗಿ ಕೂರುತ್ತಿದ್ದೆ, ಐದಾರು ನಿಮಿಷಕ್ಕೆ ಅದು ಇಳಿಯುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಒಮ್ಮೆ ಕದ್ದು ಸೇದಿ, ಎಲ್ಲ ಮುಗಿಯಿತೆಂದು ಮರುದಿನ ಅವಳ ಬಳಿಗೆ ಓಡಿದೆ. "ಅದು ನಿನ್ನೆಗೆ ಮುಗೀತು. ಇವತ್ತು ಇನ್ನೂ ಕೆಟ್ಟಿಲ್ಲ" ಅಂದಳು. ಅದೇ ಕೊನೆಯದು. ನೀನು ಹುಟ್ಟಿ ಅತ್ತಾಗ ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಅಳಿಸಿ ತೋರಿಸಿ ಎಂದು ಗೋಗರೆದೆನಂತೆ.

ನಿನಗೂ ಹೀಗೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆಗುವುದಿಲ್ಲ ಎನ್ನುವ ಧೈರ್ಯ ನನಗಿಲ್ಲ, ಅಷ್ಟೇ. ನೀನು ಕೆಟ್ಟವಳಲ್ಲ, ನಾನೂ ಕೆಟ್ಟವಳಾಗಿರಲಿಲ್ಲ. ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಇದನ್ನು ಬಿಡಿಸಲೆಂದೇ ಒಬ್ಬ ದಾದಿ ಇದ್ದಾಳಂತೆ. ಗದರುವುದಿಲ್ಲವಂತೆ. ಬರುವ ಬುಧವಾರ ಹತ್ತು ಗಂಟೆಗೆ ನಿನ್ನನ್ನು ಕೇಳದೆಯೇ ಹೆಸರು ಬರೆಸಿದ್ದೇನೆ. ಗೇಟಿನ ಹತ್ತಿರ ನಿಂತಿರುತ್ತೇನೆ. ಬೇಡವೆಂದರೆ ಒಳಗೆ ಬರುವುದಿಲ್ಲ. ನೀನು ಅಂದು ಬರದಿದ್ದರೆ ಗುರುವಾರವೂ ಅಲ್ಲೇ ನಿಂತಿರುತ್ತೇನೆ.

ಎರಡು ಜೀವವೂ ಸುಖವಾಗಿ ಬೇರೆಯಾಗಲಿ.

ಹೆದರಿಕೊಂಡೇ ಕಾಯುತ್ತಿರುವ,
ನಿನ್ನ ಅಮ್ಮ