ಇಪೋದ ತವರ, ಶಿರಾದ ಕಲಾಯಿ

ಶಿರಾ
೧೯೬೩ನೇ ಇಸವಿ ಮಾರ್ಚ್ ೧೭, ಭಾನುವಾರ

ಪ್ರೀತಿಯ ಗೆಳೆಯ ಮರುಳಸಿದ್ದಯ್ಯನಿಗೆ,

ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಟ್ಟಿಗೆ ಏಟು ತಿಂದ ಕಲಾಯಿ ಇಮಾಮ್ ಸಾಬನ ಸಲಾಮು. ನಿಮ್ಮ ಕಡೆಯ ಶರಣೂ ಜೊತೆಗೇ ಇರಲಿ, ಎರಡರಲ್ಲಿ ಯಾವುದು ಬೇಕೋ ಎತ್ತಿಕೋ. ನೀನು, ನಿನ್ನ ಹೆಂಡತಿ, ಮಕ್ಕಳು ಆ ಮಲಯದ ಇಪೋ ಊರಿನಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಾನೂ ನನ್ನ ಮನೆಯಾಕೆ ಶರ್ಫುನ್ನೀಸಾಳೂ ದೇವರ ದಯೆಯಿಂದ ಗಟ್ಟಿಯಾಗಿದ್ದೇವೆ. ಅವಳ ಬಾಯಂತೂ ನನಗಿಂತ ಗಟ್ಟಿ.

ನಿನ್ನ ಕಾಗದ ಬಂದದ್ದು ಸಂಕ್ರಾಂತಿಯ ಮಾರನೆಯ ದಿನ. ಈಗ ಯುಗಾದಿ ಹತ್ತಿರ ಬಂತು. ಎರಡು ತಿಂಗಳು ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಕೆಂದಿದ್ದರೆ ಬೈದುಬಿಡು. ರಂಜಾನ್ ಉಪವಾಸವಿತ್ತು, ಆಮೇಲೆ ಮದುವೆ ಕಾಲದ ಕೆಲಸ ಬಂತು ಎಂದು ನೆಪ ಹೇಳಬಹುದು. ಪೋಸ್ಟ್‌ಮ್ಯಾನ್ ನಾಗಲಿಂಗಯ್ಯ ಎದುರಾದಾಗಲೆಲ್ಲ ಚುಚ್ಚುತ್ತಾನೆ, "ಏನ್ ಸಾಬ್ರೆ, ಮಲಯಕ್ಕೆ ಕಾಗ್ದ ಹಾಕಾದಿಲ್ವಾ? ಅಲ್ಲಿಯೋರು ನೀವು ಸತ್ತೋದ್ರಿ ಅಂದ್ಕೊಂಡ್ಬುಟ್ಟಾರು!" ಸತ್ತಿಲ್ಲ ಕಣೋ. ಉತ್ತರ ಹೊಂದಿಸಿಕೊಳ್ಳುತ್ತಿದ್ದೆ.

ನೀನು ಎರಡು ಮಾತು ಕೇಳಿದ್ದೀಯ. ತವರದ ಗಣಿಯ ಕೆಲಸ ಮುಗಿಯಿತು, ಊರಿಗೆ ಬಂದು ನಿನ್ನ ಅಂಗಡಿಯಲ್ಲಿ ಪಾಲುಗಾರನಾಗಲೇ ಎಂಬುದು ಒಂದು. ನಿಮ್ಮಮ್ಮ ಚನ್ನಮಲ್ಲಮ್ಮನವರು ಕಡೆಯವರೆಗೂ ನಿನ್ನ ಮೇಲೆ ಮುನಿಸಿಕೊಂಡೇ ಇದ್ದರೇ ಎಂಬುದು ಇನ್ನೊಂದು. ಯುದ್ಧಕ್ಕೆ ಮುಂಚೆ ತಿಂಗಳಿಗೊಂದು ಕಾಗದವನ್ನು ತಮ್ಮ ಕೈಯಾರೆ ಬರೆಯುತ್ತಿದ್ದವರು, ನೀನು ಅಲ್ಲೇ ತಮಿಳಿನ ಹುಡುಗಿಯನ್ನು ಮದುವೆಯಾದ ಸುದ್ದಿ ತಿಳಿದ ಮೇಲೆ ಹನ್ನೆರಡು ವರ್ಷ ಒಂದಕ್ಷರವನ್ನೂ ಬರೆಯಲಿಲ್ಲ, ಬಂದ ಕಾಗದವೆಲ್ಲ ನನ್ನ ಅಕ್ಷರದಲ್ಲಿತ್ತು, ಅದರೊಳಗಿನ ಮೆತ್ತನೆಯ ಮಾತುಗಳೂ ನನ್ನವೇ ಎಂದು ನಿನಗೆ ಗೊತ್ತಿತ್ತು ಎಂದು ಬರೆದಿದ್ದೀಯ. ಮೊದಲನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಅದು ಸುಲಭ.

ನಿಮ್ಮ ಚೀನಾ ಯಜಮಾನನ ಸಂಗತಿಯನ್ನು ಶರ್ಫುನ್ನೀಸಾಳಿಗೆ ಎರಡು ಸಲ ಓದಿ ಹೇಳಿದೆ. ತವರ ಹೊರದೇಶಕ್ಕೆ ಕಳಿಸುವುದಕ್ಕೆ ಮಿತಿ ಹಾಕಿದರು, ಸಣ್ಣ ಗಣಿಗಳು ಮುಚ್ಚಿದವು, ದೊಡ್ಡ ಕಂಪನಿಯವರು ನೂರು ಆಳಿನ ಕೆಲಸವನ್ನು ಒಂದೇ ಯಂತ್ರದಿಂದ ಮಾಡಿಸುತ್ತಿದ್ದಾರೆ ಎಂದೆಲ್ಲ ಓದುವಾಗ ಅವಳು ಲೊಚಗುಟ್ಟುತ್ತಿದ್ದಳು. ಆದರೆ ನಿಮ್ಮ ಯಜಮಾನ ಅಳುತ್ತಾ ಕೂರದೆ, ಅಗೆದು ಬಿಟ್ಟ ಗಣಿಯ ಗುಂಡಿಯಲ್ಲಿ ನಿಂತ ನೀರಿಗೆ ಮೀನಿನ ಮರಿ ಬಿಟ್ಟ, ದಡದಲ್ಲಿ ಬಾತುಕೋಳಿ ಸಾಕಿದ, ಈಗ ಇಪೋದ ಹೋಟೆಲುಗಳಿಗೆಲ್ಲ ಅವನದೇ ಮೀನು ಎಂದು ಓದಿದೆ ನೋಡು, ಅವಳು ತಿದಿ ಒತ್ತುವುದನ್ನು ಬಿಟ್ಟು ಎದ್ದು ನಿಂತಳು. "ಅಕಲ್ ಅಂದ್ರೆ, ಬುದ್ಧಿ ಅಂದ್ರೆ ಇದು! ನೀವೂ ಇದ್ದೀರಿ, ಮೂರು ವರ್ಷ ಕುಲುಮೆ ಮುಂದೆ ಕೂತು ಸಿಲ್ವಾರಕ್ಕೆ ಶಾಪ ಹಾಕಿದ್ದೇ ಬಂತು" ಎಂದಳು.

ಶಾಪ ಹಾಕಿದ್ದು ನಿಜ. ಸಿಲ್ವಾರ ಎಂದರೆ ಇಲ್ಲಿಯವರ ಬಾಯಲ್ಲಿ ಅಲ್ಯೂಮಿನಿಯಂ. ನೀನು ಊರು ಬಿಟ್ಟಾಗ ಅದು ಸಾಹುಕಾರರ ಮನೆಯ ಸೋಜಿಗದ ವಸ್ತುವಾಗಿತ್ತು, ಈಗ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. ಹಿತ್ತಾಳೆ ತಾಮ್ರದ ಹಾಗೆ ಅದಕ್ಕೆ ಹುಳಿ ಹಿಡಿದು ಕಿಲುಬು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಒಳಗೆ ತವರ ಬಳಿಯಬೇಕಿಲ್ಲ, ಹಾಗಾಗಿ ಕಲಾಯಿ ಸಾಬಿಯೂ ಬೇಕಿಲ್ಲ. ಪಾವಗಡದ ಕದರಪ್ಪನ ಮನೆ ನಿನಗೆ ನೆನಪಿರಬೇಕು. ನಮ್ಮಪ್ಪನ ಕಾಲದಿಂದ ವರ್ಷಕ್ಕೆರಡು ಸಲ ಅವರ ಬೇವಿನ ಮರದ ಕೆಳಗೇ ನಮ್ಮ ಕುಲುಮೆ ಹೂಡುತ್ತಿದ್ದೆವು. ಅರುವತ್ತನೇ ಇಸವಿಯಲ್ಲಿ ಹೋದಾಗ ಆತನ ಸೊಸೆ ಬಾಗಿಲಲ್ಲೇ ನಿಂತು, "ಮಾಕು ಕಲಾಯಿ ವದ್ದು ಸಾಯಿಬೂ, ಅನ್ನೀ ಸಿಲ್ವಾರಮೇ" ಎಂದುಬಿಟ್ಟಳು, ಕಲಾಯಿ ಬೇಡವಂತೆ, ಎಲ್ಲ ಸಿಲ್ವಾರವೇ ಅಂತೆ. ಪಾಪ, ಮಜ್ಜಿಗೆ ಕೊಟ್ಟು ಕಳಿಸಿದಳು. ಆ ಮಜ್ಜಿಗೆಯ ಲೋಟವೂ ಸಿಲ್ವಾರದ್ದೇ.

ಆಮೇಲೆ ತೂತು ಬಿದ್ದ ಸಿಲ್ವಾರದ ಪಾತ್ರೆಗೆ ಬೆಸುಗೆ ಹಾಕಿ ಬದುಕೋಣವೆಂದು ಹೊರಟೆ. ತವರ ಅದಕ್ಕೆ ಹತ್ತಲೇ ಇಲ್ಲ. ತವರ ಹಿಡಿಯಲೆಂದು ಎಷ್ಟು ನವಸಾಗರದ ಪುಡಿ ಎರಚಿದರೂ ನೀರಿನ ಹನಿಯಂತೆ ಉರುಳಿ ಹೋಯಿತು. ಶರ್ಫುನ್ನೀಸಾ ನಕ್ಕಳು, ನನಗೆ ಅಳು ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಆ ವರ್ಷ ನಾವು ಅರೆಹೊಟ್ಟೆಯಲ್ಲಿ ಇದ್ದೆವು.

ದಾರಿ ಸಿಕ್ಕಿದ್ದು ಕೊರಟಗೆರೆಯಲ್ಲಿ. ಮಧುಗಿರಿ ಸಂತೆಯಲ್ಲಿ ಯಾರೋ ಎರಡು ದೊಡ್ಡ ತಾಮ್ರದ ಕೊಪ್ಪರಿಗೆಗಳನ್ನು ತೂಕಕ್ಕೆ ಹಾಕಿ ಮಾರುತ್ತಿದ್ದರು. ತುಮಕೂರಿನ ಗುಜರಿಯವನಿಗೆ ಕೊಟ್ಟರೆ ನಾಲ್ಕು ಕಾಸು ಉಳಿದೀತೆಂದು ಕೊಂಡು, ಗಾಡಿಯಲ್ಲಿ ಹೇರಿಕೊಂಡು ಹೊರಟಿದ್ದೆ. ಕೊರಟಗೆರೆಯ ಪೇಟೆಯಲ್ಲಿ ನಮ್ಮ ಹಳೆಯ ಗಿರಾಕಿ ಕಮಲಾಕ್ಷಮ್ಮನವರ ಮನೆ ಮುಂದೆ ಚಪ್ಪರ ಹಾಕಿತ್ತು, ಮಾರನೆಯ ದಿನ ಮಗಳ ಮದುವೆ. ಆಕೆ ಅದರ ಹಿಂದಿನ ವರ್ಷವಷ್ಟೇ ಮನೆಯ ಹಳೆಯ ಪಾತ್ರೆಯನ್ನೆಲ್ಲ ಕೊಟ್ಟು ಸಿಲ್ವಾರ ತೆಗೆದುಕೊಂಡಿದ್ದವರು. ಆ ತೆಳುವಾದ ಪಾತ್ರೆಯಲ್ಲಿ ಮುನ್ನೂರು ಜನಕ್ಕೆ ಅನ್ನ ಇಟ್ಟಿದ್ದರು. ತಳ ಹತ್ತಿ, ಸೀದ ವಾಸನೆ ಬೀದಿಗೆಲ್ಲ ಹರಡಿತ್ತು. ನನ್ನ ಗಾಡಿ ಕಂಡದ್ದೇ ತಡ ಓಡಿಬಂದರು. "ಸಾಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕೊಪ್ಪರಿಗೆ ಎರಡು ದಿವ್ಸದ ಮಟ್ಟಿಗೆ ಕೊಟ್ಬುಡಿ!"

ಅಲ್ಲೇ ಚಪ್ಪರದ ಪಕ್ಕ ಕುಲುಮೆ ಹೂಡಿ ಕಲಾಯಿ ಹಾಕಿಕೊಟ್ಟೆ. ಅವರ ಚಿಕ್ಕಮ್ಮ ಸರೋಜಮ್ಮ ಎಂಬ ಮುದುಕಿ ಮೂಗು ಮುರಿದರು. "ಸಾಬರ ಪಾತ್ರೇಲಿ ಧಾರೆ ದಿನದ ಅಡಿಗೆನಾ? ಹೆಂಗಮ್ಮ ಇದು?" ಎಂದರು. ಕಮಲಾಕ್ಷಮ್ಮ ತಿರುಗಿ, "ಇಪ್ಪತ್ತು ವರ್ಷದಿಂದ ನಮ್ಮನೆ ಪಾತ್ರೆ ಒಳಗೆಲ್ಲ ಇವ್ರ ಕೈಯೇ ಅಲ್ವಾ ಆಡಿರಾದು? ಆವಾಗ ಹೋಗ್ದಿದ್ದ ಮಡಿ ಈವಾಗ ಹೋಯ್ತದಾ ಚಿಕ್ಕಮ್ಮ?" ಎಂದು ಕೇಳಿದರು. ಮುದುಕಿ ಊಟಕ್ಕೆ ಎಲ್ಲರಿಗಿಂತ ಮೊದಲು ಕೂತಿದ್ದರಂತೆ.

ಆ ಕೊಪ್ಪರಿಗೆಗಳು ತುಮಕೂರಿಗೆ ಹೋಗಲೇ ಇಲ್ಲ. ಜನ ಮಾರಿಕೊಳ್ಳುವ ದೊಡ್ಡ ಪಾತ್ರೆಗಳನ್ನು ಕೊಳ್ಳುವುದು, ನಾನೇ ಕಲಾಯಿ ಹಾಕುವುದು, ಮದುವೆ ಮುಂಜಿಗೆ ಬಾಡಿಗೆಗೆ ಕೊಡುವುದು. ಈಗ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ನಮ್ಮ ಪಾತ್ರೆ ಓಡಾಡುತ್ತವೆ. ಹೋದ ತಿಂಗಳು ಕದರಪ್ಪನೇ ಮೊಮ್ಮಗನ ನಾಮಕರಣಕ್ಕೆ ಹೇಳಿಕಳಿಸಿದ್ದ. ಸಿಲ್ವಾರವನ್ನು ಬೈಯುವುದನ್ನು ನಾನು ಬಿಟ್ಟಿದ್ದೇನೆ. ನನ್ನ ತಟ್ಟೆ ಕಿತ್ತುಕೊಂಡದ್ದೂ ಅದೇ, ತಿರುಗಿ ಬಡಿಸಿದ್ದೂ ಅದೇ.

ಹೀಗಿರುವಾಗ ಬರಲೇ ಎಂದು ಕೇಳುತ್ತೀಯಲ್ಲ, ನಿನ್ನ ಹೆಸರಿಗೆ ತಕ್ಕ ಮರುಳ ನೀನು! ಬಾ. ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಎಲ್ಲರೂ ಕಮಲಾಕ್ಷಮ್ಮನಂಥವರಲ್ಲ, ಅಂಗಡಿಯ ಮುಂದೆ ನೀನು ಕೂತಿದ್ದರೆ ಸರೋಜಮ್ಮನಂಥವರೂ ಒಳಗೆ ಕಾಲಿಡುತ್ತಾರೆ. ಹಿಂದೆ ನಾನು ಬೆಂಕಿಯ ಹತ್ತಿರ ಇರುತ್ತೇನೆ. ನಿನ್ನ ಹೆಂಡತಿಗೆ ಇಲ್ಲಿಯ ಮಾತು ಬಾರದೆಂದು ಹೆದರಬೇಡ. ಅಷ್ಟು ತೆಲುಗು, ಇಷ್ಟು ಉರ್ದು ಕಲಸಿದ ನಮ್ಮ ಕನ್ನಡಕ್ಕೆ ಒಂದು ಹಿಡಿ ತಮಿಳು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ನಿನ್ನ ಋಣವೂ ಇದೆ. ಜಪಾನಿನವರು ಮಲಯ ಹಿಡಿದಾಗ ಇಲ್ಲಿ ನಮ್ಮ ಪೇಟೆಯಲ್ಲಿ ತವರ ಮಾಯವಾಯಿತು. ಆ ದೇಶ ಯಾವ ದಿಕ್ಕಿಗಿದೆ ಎಂದು ತಿಳಿಯದ ಕಲಾಯಿ ಸಾಬರೆಲ್ಲ ಉಪವಾಸ ಬಿದ್ದರು. ಯುದ್ಧ ಮುಗಿದ ವರ್ಷವೇ ನೀನು ಮದರಾಸಿಗೆ ಬರುವವರ ಕೈಯಲ್ಲಿ, ರಬ್ಬರ್ ಹಾಳೆಯಲ್ಲಿ ಸುತ್ತಿ ಎರಡು ಗಟ್ಟಿ ತವರ ಕಳಿಸಿದೆ. ನೀನೇ ಆಗ ತಿನ್ನಲು ಗತಿಯಿಲ್ಲದೆ ಗೆಣಸು ತಿಂದು ಬದುಕಿದ್ದೆ ಎಂದು ನನಗೆ ಆಮೇಲೆ ತಿಳಿಯಿತು. ಅದನ್ನು ಬಿಚ್ಚಿದ ದಿನ ನಾನೂ ಶರ್ಫುನ್ನೀಸಾಳೂ ಎದುರುಬದುರು ಕೂತು ಅತ್ತೆವು. ಹದಿನೇಳು ವರ್ಷವಾದರೂ ಇದನ್ನು ನಿನಗೆ ಸರಿಯಾಗಿ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನಿನ್ನಿಂದ ನನ್ನ ಕುಲುಮೆ ಮತ್ತೆ ಹೊತ್ತಿತು.

ನಿನ್ನ ಮನೆ ಮಕ್ಕಳು ಮರಿ ಎಲ್ಲರೂ ತಣ್ಣಗಿರಲಿ. ನಮ್ಮ ಅಲ್ಲಾಹನೂ ನಿಮ್ಮ ಶಿವನೂ ಸೇರಿ ನಿನ್ನ ಹಡಗನ್ನು ಕಾಯಲಿ, ಒಬ್ಬರು ಮರೆತರೆ ಇನ್ನೊಬ್ಬರಾದರೂ ನೆನಪಿಟ್ಟುಕೊಳ್ಳುತ್ತಾರೆ.

ಎಂದೆಂದಿಗೂ ನಿನ್ನ,
ಇಮಾಮ್ ಸಾಬ್

ಮತ್ತೆ ಬರೆಯುತ್ತಿರುವುದು:

ಸಹಿ ಹಾಕಿ ಕಾಗದ ಮಡಿಸಿದ್ದೆ. ಶರ್ಫುನ್ನೀಸಾ ಕೇಳಿದಳು, "ಎರಡನೇ ಮಾತಿಗೆ ಜವಾಬು ಎಲ್ಲಿ?" ಎಂದು. ಮರುಳಾ, ಎರಡು ತಿಂಗಳು ನಾನು ಬರೆಯದೆ ಕೂತದ್ದು ಅದರಿಂದಲೇ.

ನಲವತ್ತಮೂರನೇ ಇಸವಿಯಲ್ಲಿ, ತವರ ಸಿಗದೆ ಇದ್ದಾಗ, ಇದ್ದ ಚೂರಿಗೆ ನಾನು ಸೀಸ ಬೆರೆಸಿದೆ. ಕಲಾಯಿ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ, ನಮ್ಮಪ್ಪ ಸಾಯುವಾಗಲೂ ಅದನ್ನೇ ಹೇಳಿದ್ದರು. ನೋಡುವುದಕ್ಕೆ ಎರಡೂ ಒಂದೇ ಹೊಳಪು. ನಾಲ್ಕು ಮನೆಯ ಪಾತ್ರೆಗೆ ಹಾಗೆ ಬಳಿದೆ. ಮೂರು ಮನೆಯವರು ಹಬ್ಬಕ್ಕೆಂದು ಎತ್ತಿಟ್ಟರು. ನಿಮ್ಮಮ್ಮ ದಿನವೂ ಅದರಲ್ಲೇ ಹುಣಿಸೆಹಣ್ಣಿನ ಸಾರು ಕಾಯಿಸಿಕೊಂಡು ಉಂಡರು.

ಮೊದಲು ಹೊಟ್ಟೆನೋವು ಬಂತು. ಆರೇಳು ತಿಂಗಳಲ್ಲಿ ಬಲಗೈ ಮಣಿಕಟ್ಟಿನಿಂದ ಜೋತು ಬಿತ್ತು. ತುಮಕೂರಿನ ಡಾಕ್ಟರು ಸೀಸದ ವಿಷ ಎಂದರಂತೆ. ಅಲ್ಲಿಂದ ಬಂದವರೇ ನಿಮ್ಮಮ್ಮ ನನ್ನೊಬ್ಬನನ್ನೇ ಕರೆಸಿದರು. ಪಾತ್ರೆಯ ಒಳಗೆ ಬಿಳಿ ಬಟ್ಟೆಯಿಂದ ಉಜ್ಜಿ, ಕಪ್ಪಾದ ಬಟ್ಟೆಯನ್ನು ನನ್ನ ಮುಂದೆ ಹಿಡಿದರು. "ಇಮಾಮ, ಏನ್ ಬೆರೆಸ್ದೆ ಅಂತ ಹೇಳ್ಬುಡು ಕಣಪ್ಪ" ಎಂದರು. ಹೇಳಿದೆ. ಬೈಯಲಿಲ್ಲ. "ಇನ್ನ್ಯಾರ ಮನೇಗ್ ಬಳ್ದಿದ್ದೀಯೋ, ಇವತ್ತೇ ಹೋಗಿ ಕೆರೆದು ಬಾ" ಎಂದಷ್ಟೇ ಅಂದರು. ಆಮೇಲೆ ಕೇರಿಯ ಹೆಂಗಸರಿಗೆಲ್ಲ, "ಯುದ್ಧ ಮುಗಿಯಾಗಂಟ ಮಡಕೇಲೇ ಬೇಯ್ಸ್ಕಳ್ರಮ್ಮ, ರುಚಿಯಾಗಿರ್ತದೆ" ಎಂದು ಹೇಳಿಕೊಂಡು ಬಂದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಕಲಾಯಿ ಇಮಾಮ ಎಂಬ ಹೆಸರು ಇವತ್ತು ನಾಲ್ಕು ತಾಲ್ಲೂಕಿನಲ್ಲಿ ಉಳಿದಿದ್ದರೆ ಅದು ಅವರು ಉಳಿಸಿಕೊಟ್ಟದ್ದು. ದಿನವೂ ನಮಾಜಿನಲ್ಲಿ ಅವರನ್ನು ನೆನೆಯುತ್ತೇನೆ.

ಕೈ ಅರ್ಧ ಮಾತ್ರ ಸರಿಹೋಯಿತು. ಸೌಟು ಹಿಡಿಯುತ್ತಿದ್ದರು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ನಲವತ್ತಾರರಲ್ಲಿ, ಮದುವೆಯಾದೆನೆಂದು ನಿನ್ನ ಕಾಗದ ಬಂದಾಗ ಕುಣಿದಾಡಿ, ಉತ್ತರ ಬರೆಯಲು ನನ್ನನ್ನು ಕೂರಿಸಿಕೊಂಡರು. ಕೈ ಬಿದ್ದಿರುವುದನ್ನು ಬರೆಯಲೇ ಎಂದು ಕೇಳಿದೆ. "ಬರುದ್ರೆ ಯಾಕೆ ಅಂತ ಕೇಳ್ತಾನೆ. ಅದುನ್ನ ನಾನು ಹೇಳಾಕಿಲ್ಲ. ನಿಂಗೆ ಧೈರ್ಯ ಬಂದ್ ದಿವ್ಸ ನೀನೇ ಹೇಳು" ಎಂದರು. ಐವತ್ತೆಂಟರಲ್ಲಿ ಅವರು ತೀರಿಕೊಂಡರು. ನನಗೆ ಧೈರ್ಯ ಬರಲಿಲ್ಲ. ಊರಲ್ಲಿ ನಿನಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ. ನನ್ನ ಅಕ್ಷರ ನೋಡಿ ನೀನು ಅದನ್ನು ಮುನಿಸೆಂದು ತಿಳಿದೆ, ಅದಕ್ಕೇ ಒಂದು ಸಲವೂ ಊರಿಗೆ ಬರಲಿಲ್ಲ ಎಂಬುದು ಈ ಸಂಕ್ರಾಂತಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಇಂಥವನ ಜೊತೆ ಪಾಲುಗಾರನಾಗುತ್ತೀಯಾ ಎಂದು ಯೋಚಿಸಿ ಹೇಳು. ಬೇಡವೆಂದರೆ ನಾನು ತಪ್ಪು ತಿಳಿಯುವುದಿಲ್ಲ. ಆದರೆ ಆ ಹಳೆಯ ಕಾಗದಗಳು ನಿನ್ನ ಹತ್ತಿರ ಇನ್ನೂ ಇದ್ದರೆ ತೆಗೆದು ಓದು. ಪ್ರತಿಯೊಂದರ ಕೊನೆಗೂ "ಸೊಸೆಯನ್ನು ಕರೆದುಕೊಂಡು ಒಂದು ಸಲ ಬಂದು ಹೋಗು ಮಗನೇ" ಎಂದಿದೆಯಲ್ಲ, ಅದು ನನ್ನ ಮಾತಲ್ಲ. ಅವರು ಹೇಳಿದರು, ನಾನು ಬರೆದೆ.